ವಲ್ಲೆಟ್ಟಾದಲ್ಲಿ ಹಡಗು ನಿಂತ ದಿನ: ಎಲ್ಲಿಗೆ ಹೋಗೋದು, ಯಾವುದು ಬೇಡ

ಮೆಡಿಟರೇನಿಯನ್ ಸಮುದ್ರದ ದ್ವೀಪದೇಶ ಮಾಲ್ಟಾದ ವಲ್ಲೆಟ್ಟಾ ಬಂದರಿಗೆ ನಾನು ಹೋಗಿರುವುದು ಎರಡು ಸಲ, ಎರಡೂ ಸಲ ಕ್ರೂಸ್ ಹಡಗಿನಲ್ಲೇ. ಮೊದಲ ಸಲ ಗೆಳೆಯನೊಬ್ಬನ ಜತೆ. ಕೈಯಲ್ಲಿ ಪಟ್ಟಿ ಹಿಡಿದುಕೊಂಡು ಓಡಿ ಓಡಿ ನೋಡಿದ್ದೆವು. ಈಗ ನೆನಪಿರುವುದು ಬಸ್ ಸ್ಟಾಪು ಮತ್ತು ಬೆವರು. ಎರಡನೇ ಸಲ ಅಪ್ಪ, ಅಮ್ಮ ಇದ್ದರು. ಅಮ್ಮನಿಗೆ ಮಂಡಿನೋವು, ಅಪ್ಪನಿಗೆ ಹನ್ನೊಂದು ಗಂಟೆಗೆ ಕಾಫಿ ಬೀಳಲೇಬೇಕು. ಹಾಗಾಗಿ ನೋಡಿದ್ದು ಎರಡೇ ಜಾಗ. ಆ ದಿನ ಮಾತ್ರ ಗಂಟೆ ಗಂಟೆಯೂ ಕಣ್ಣಿಗೆ ಕಟ್ಟಿದೆ. ಈಗ ಯಾರಾದರೂ "ಮಾಲ್ಟಾದಲ್ಲಿ ಒಂದು ದಿನ ಸಿಗುತ್ತೆ, ಏನು ಮಾಡೋಣ" ಎಂದು ಕೇಳಿದರೆ ನಾನು ಕೇಳುವುದು ಒಂದೇ: ಆ ದಿನ ಎಷ್ಟು ಸಲ ಗಡಿಯಾರ ನೋಡಲು ತಯಾರಿದ್ದೀರಿ?

ಗಂಟೆಗಳ ಲೆಕ್ಕ

ಹಡಗು ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಐದಕ್ಕೆ ಹೊರಡುತ್ತದೆ ಅಂದುಕೊಳ್ಳಿ. ಕಾಗದದ ಮೇಲೆ ಒಂಬತ್ತು ಗಂಟೆ. ತಿಂಡಿ ಮುಗಿಸಿ, ಸರದಿಯಲ್ಲಿ ನಿಂತು, ಕಾರ್ಡ್ ತೋರಿಸಿ ನೆಲಕ್ಕೆ ಕಾಲಿಡುವಾಗ ಒಂಬತ್ತು ದಾಟಿರುತ್ತದೆ. ಹಡಗು ಹೊರಡುವ ಅರ್ಧ ಗಂಟೆಗೆ ಮೊದಲಾದರೂ ಎಲ್ಲರೂ ಒಳಗಿರಬೇಕು. ಅದಕ್ಕಿಂತ ಒಂದು ಗಂಟೆ ಮುಂಚೆ ಬಂದರಿನಲ್ಲಿದ್ದರೆ ಮಾತ್ರ ಎದೆ ಡವಡವ ಅನ್ನುವುದಿಲ್ಲ. ಉಳಿಯಿತು ಆರೂವರೆ ಗಂಟೆ. ಎಲ್ಲ ಆಯ್ಕೆಯನ್ನೂ ಈ ಆರೂವರೆ ಗಂಟೆಯೊಳಗೇ ತೂಗಿ ನೋಡಬೇಕು.

ಇನ್ನೊಂದು ವಿಷಯ. ನಾವು ಮೊದಲ ಸಲ ಬಂದದ್ದು ಗ್ರೀಸ್ ಕಡೆಯಿಂದ. ಗ್ರೀಸಿನ ಗಡಿಯಾರ ಮಾಲ್ಟಾಕ್ಕಿಂತ ಒಂದು ಗಂಟೆ ಮುಂದೆ. ಫೋನು ತಾನಾಗಿಯೇ ಮಾಲ್ಟಾದ ಸಮಯಕ್ಕೆ ತಿರುಗಿತ್ತು. ಹಡಗು ಗ್ರೀಸಿನ ಸಮಯದಲ್ಲೇ ಇತ್ತು. ಒಳಗಿರಬೇಕಾದ ಗಡುವು ನಾಲ್ಕೂವರೆ, ಅಂದರೆ ನಮ್ಮ ಫೋನಿನಲ್ಲಿ ಮೂರೂವರೆ. ಇದು ಹೊಳೆದದ್ದು ಎರಡೂ ಮುಕ್ಕಾಲಿಗೆ, ಊರಾಚೆ ಹನ್ನೆರಡು ಕಿಲೋಮೀಟರ್ ದೂರದ ಬಸ್ ಸ್ಟಾಪಿನಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದಾಗ. ಅರ್ಧ ಐಸ್‌ಕ್ರೀಮ್ ಅಲ್ಲೇ ಬಿಟ್ಟೆವು. ಹಡಗಿನಿಂದ ಇಳಿಯುವಾಗ ಬಾಗಿಲ ಬಳಿಯ ಗಡಿಯಾರದ ಫೋಟೋ ತೆಗೆದುಕೊಳ್ಳಿ, ಪಕ್ಕದಲ್ಲೇ ಫೋನಿನ ಸಮಯವನ್ನೂ ನೋಡಿಕೊಳ್ಳಿ. ಸಾಧ್ಯವಾದರೆ ಕೈಗಡಿಯಾರ ಕಟ್ಟಿ. ಅದು ತನ್ನಷ್ಟಕ್ಕೆ ಬದಲಾಗುವುದಿಲ್ಲ.

ವೀಸಾದ ಮಾತು ಒಂದೇ ಸಾಲಿನಲ್ಲಿ: ಮಾಲ್ಟಾ ಷೆಂಗೆನ್ ದೇಶ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ ಇರುವ ಗುಂಪಿನದು. ನಿಮ್ಮ ಹಡಗು ನಡುವೆ ಟರ್ಕಿಗೋ ಟ್ಯುನೀಷಿಯಾಕ್ಕೋ ಹೋಗಿ ಮತ್ತೆ ಯುರೋಪಿಗೆ ಬರುವುದಿದ್ದರೆ ಹಲವು ಸಲ ಪ್ರವೇಶಿಸಬಹುದಾದ ವೀಸಾನೇ ಮಾಡಿಸಿಕೊಂಡಿರಬೇಕು.

ಆಯ್ಕೆ ಒಂದು: ವಲ್ಲೆಟ್ಟಾ ಊರೊಳಗೇ

ಹಡಗು ನಿಲ್ಲುವುದು ಗ್ರ್ಯಾಂಡ್ ಹಾರ್ಬರಿನ ಪಿಂಟೊ ದಕ್ಕೆಯಲ್ಲಿ. ಸಾಲು ಹಿಡಿದ ಹಳೆಯ ಗೋದಾಮುಗಳು, ಬಣ್ಣ ಬಣ್ಣದ ದೊಡ್ಡ ಬಾಗಿಲುಗಳು. ಹದಿನೆಂಟನೇ ಶತಮಾನದಲ್ಲಿ ಕಟ್ಟಿದ್ದು, ಈಗ ಒಳಗೆ ಹೋಟೆಲು, ಅಂಗಡಿ. ಊರು ಇರುವುದು ತಲೆಯ ಮೇಲೆ, ಕೋಟೆಗೋಡೆಯ ತುದಿಯಲ್ಲಿ. ಹತ್ತುವುದು ಹೇಗೆ ಎಂದು ಅಮ್ಮ ನನ್ನ ಮುಖ ನೋಡಿದಳು.

ಹತ್ತುವುದು ಬೇಕಿಲ್ಲ. ನೀರಿನ ಬದಿಯ ರಸ್ತೆಯಲ್ಲಿ ಕಾಲು ಗಂಟೆ ನಡೆದರೆ ಅಪ್ಪರ್ ಬರಕ್ಕಾ ಲಿಫ್ಟ್ ಇದೆ. 58 ಮೀಟರ್ ಎತ್ತರ, ಅರ್ಧ ನಿಮಿಷವೂ ಹಿಡಿಯುವುದಿಲ್ಲ, ನಾವು ಹೋದಾಗ ಒಂದು ಯೂರೋ. ಇದೇ ಜಾಗದಲ್ಲಿ 1905ರಲ್ಲೇ ಒಂದು ಲಿಫ್ಟ್ ಹಾಕಿದ್ದರಂತೆ. 1973ರಲ್ಲಿ ನಿಂತುಹೋಗಿ, ಈಗಿನದು 2012ರಲ್ಲಿ ಬಂತು. ದಕ್ಕೆಯ ಹೊರಗೆ ಟ್ಯಾಕ್ಸಿಯವರೂ ಕುದುರೆಗಾಡಿಯವರೂ "ಲಿಫ್ಟ್ ತುಂಬ ದೂರ" ಎನ್ನುತ್ತಾರೆ. ದೂರವಿಲ್ಲ. ಆದರೆ ನೆರಳೂ ಇಲ್ಲ, ಟೋಪಿ ಇರಲಿ.

ಮೇಲೆ ಬಂದರೆ ಇಡೀ ಊರು ಕೈಯಳತೆಯದು. ಉದ್ದ ಒಂದು ಕಿಲೋಮೀಟರಿನ ಆಸುಪಾಸು, ಅಗಲ ಇನ್ನೂ ಕಡಿಮೆ. ಬೀದಿಗಳು ಚದುರಂಗದ ಮನೆಯಂತೆ ನೇರ ನೇರ. ಅದಕ್ಕೆ ಕಾರಣವಿದೆ: ಇದು ತಾನಾಗಿ ಬೆಳೆದ ಊರಲ್ಲ, ನಕ್ಷೆ ಹಾಕಿ ಕಟ್ಟಿದ್ದು. 1565ರಲ್ಲಿ ಒಟ್ಟೋಮನ್ ಸೈನ್ಯ ಬಂದು ಮೇಯಿಂದ ಸೆಪ್ಟೆಂಬರ್‌ವರೆಗೆ ದ್ವೀಪವನ್ನು ಮುತ್ತಿತ್ತು. ಆಗ ದ್ವೀಪವನ್ನು ಆಳುತ್ತಿದ್ದ ಕ್ರೈಸ್ತ ಯೋಧರು, ಸಂತ ಜಾನ್ ಪಂಗಡದ ನೈಟ್‌ಗಳು, ಹೇಗೋ ತಡೆದು ನಿಂತರು. ಮರುವರ್ಷ, 1566ರ ಮಾರ್ಚ್ 28ರಂದು, ಅವರ ಮುಖ್ಯಸ್ಥ ಝಾನ್ ದ ವಲೆಟ್ ಈ ಬರಿಯ ಗುಡ್ಡದ ಮೇಲೆ ಹೊಸ ಊರಿಗೆ ಕಲ್ಲು ಹಾಕಿದ. 1565 ಅಂದ ಕೂಡಲೇ ಅಪ್ಪ, "ನಮ್ಮ ತಾಳಿಕೋಟೆ ಯುದ್ಧದ ವರ್ಷ" ಅಂದರು. ಹೌದು, ಜನವರಿಯಲ್ಲಿ ಅಲ್ಲಿ ವಿಜಯನಗರ ಬಿತ್ತು. ಅದೇ ವರ್ಷದ ಮುತ್ತಿಗೆಯಿಂದ ಇಲ್ಲಿ ಒಂದು ಊರು ಎದ್ದಿತು. ಎರಡಕ್ಕೂ ಸಂಬಂಧವಿಲ್ಲ, ಆದರೂ ಆಮೇಲೆ ಅಪ್ಪ ಪ್ರತಿ ಗೋಡೆಯನ್ನೂ ಹಂಪಿಯ ಕಲ್ಲಿನ ಜತೆ ಹೋಲಿಸಿ ನೋಡುತ್ತಲೇ ಇದ್ದರು. ಇಲ್ಲಿಯದು ಮೆತ್ತನೆಯ ಸುಣ್ಣಕಲ್ಲು, ಬೆಲ್ಲದ ಬಣ್ಣದ್ದು. ಉಗುರಿನಿಂದ ಕೆರೆದರೆ ಪುಡಿ ಬರುತ್ತದೆ.

ನೋಡಲೇಬೇಕಾದದ್ದು ಅಂದರೆ ಸೇಂಟ್ ಜಾನ್ಸ್ ಕೋ-ಕೆಥೀಡ್ರಲ್ ಎಂಬ ದೊಡ್ಡ ಚರ್ಚು. ಹೊರಗಿನಿಂದ ಸರ್ಕಾರಿ ಉಗ್ರಾಣದಷ್ಟು ಸಪ್ಪೆ. ಒಳಗೆ ಒಂದಂಗುಲ ಗೋಡೆಯನ್ನೂ ಖಾಲಿ ಬಿಟ್ಟಿಲ್ಲ, ಎಲ್ಲ ಚಿನ್ನದ ಕೆತ್ತನೆ. ನೆಲದ ತುಂಬ ಸುಮಾರು 400 ನೈಟ್‌ಗಳ ಸಮಾಧಿ ಕಲ್ಲುಗಳು, ಬಣ್ಣದ ಅಮೃತಶಿಲೆ ಕೂರಿಸಿ ಮಾಡಿದ ಅಸ್ಥಿಪಂಜರ, ಲಾಂಛನ, ರೆಕ್ಕೆ. ಅಮ್ಮ ಬಾಗಿಲಲ್ಲೇ ನಿಂತು ಚಪ್ಪಲಿ ಬಿಡಲು ಜಾಗ ಹುಡುಕಿದಳು. ಬಿಡಬೇಕಿಲ್ಲ ಎಂದರೂ ಒಪ್ಪದೆ, ಹೆಸರು ಕೆತ್ತಿದ ಜಾಗ ತಪ್ಪಿಸಿ ತಪ್ಪಿಸಿ ಅಂಚಿನಲ್ಲೇ ನಡೆದಳು. ಚೂಪು ಹಿಮ್ಮಡಿಯ ಚಪ್ಪಲಿಗೆ ಅಲ್ಲಿ ಬಿಡುವುದೂ ಇಲ್ಲ. ಹೆಗಲು ಮುಚ್ಚುವ ಬಟ್ಟೆ ಇರಲಿ. ಟಿಕೆಟ್ ಅಗ್ಗವಲ್ಲ, ದೊಡ್ಡವರಿಗೆ ಹದಿನೈದು ಯೂರೋ ಆಸುಪಾಸು. ಕಿವಿಗೆ ವಿವರ ಹೇಳುವ ಯಂತ್ರ (ಆಡಿಯೋ ಗೈಡ್) ಅದರಲ್ಲೇ ಬರುತ್ತದೆ.

ಪಕ್ಕದ ಕೋಣೆಯಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊ 1608ರಲ್ಲಿ ಬರೆದ ಚಿತ್ರವಿದೆ: ಸಂತ ಜಾನ್‌ನ ಶಿರಚ್ಛೇದ. ಐದು ಮೀಟರಿಗೂ ಹೆಚ್ಚು ಅಗಲ, ಅದರಲ್ಲಿ ಅರ್ಧ ಬರೀ ಕತ್ತಲೆ. ನೆಲಕ್ಕೆ ಹರಿದ ರಕ್ತದಲ್ಲೇ ಆತ ತನ್ನ ಹೆಸರು ಬರೆದಿದ್ದಾನೆ. ಆತ ಸಹಿ ಹಾಕಿದ ಚಿತ್ರ ಇದೊಂದೇ. ಅದೇ ವರ್ಷ ಹೊಡೆದಾಟ ಮಾಡಿ, ಎದುರು ದಂಡೆಯ ಸೇಂಟ್ ಏಂಜೆಲೊ ಕೋಟೆಯಲ್ಲಿ ಸೆರೆಯಾಗಿ, ಅಲ್ಲಿಂದ ತಪ್ಪಿಸಿಕೊಂಡ. ನೈಟ್‌ಗಳು ಸೇರಿ ಅವನನ್ನು ಪಂಗಡದಿಂದ ಹೊರಹಾಕಿದ್ದೂ ಇದೇ ಕೋಣೆಯಲ್ಲಿ, ಅವನದೇ ಚಿತ್ರದ ಎದುರು. ಒಂದು ಬೆಂಚು ಹಿಡಿದು ಇಪ್ಪತ್ತು ನಿಮಿಷ ಕೂತರೆ ಟಿಕೆಟ್ಟಿನ ದುಡ್ಡು ಹುಟ್ಟಿತು.

ಆಮೇಲೆ ರಿಪಬ್ಲಿಕ್ ಬೀದಿಯ ಚೌಕದಲ್ಲಿ ಕಾಫಿ. ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇರುವಾಗ ಲಿಫ್ಟ್ ನಮ್ಮನ್ನು ಮೇಲೆ ಬಿಟ್ಟ ಅಪ್ಪರ್ ಬರಕ್ಕಾ ತೋಟಕ್ಕೆ ವಾಪಸ್ ಬನ್ನಿ. ಕೆಳಗಿನ ಕೊತ್ತಲದಲ್ಲಿ ಹಳೆಯ ಬ್ರಿಟಿಷ್ ಸಮವಸ್ತ್ರದವರು ಸರಿಯಾಗಿ ಹನ್ನೆರಡಕ್ಕೆ ತೋಪು ಹಾರಿಸುತ್ತಾರೆ. ಸಂಜೆ ನಾಲ್ಕಕ್ಕೆ ಇನ್ನೊಂದು ಸಲ. ಮೇಲಿನ ಕಟಕಟೆಯಿಂದ ನೋಡಲು ದುಡ್ಡಿಲ್ಲ. ಕಿವಿ ಮುಚ್ಚಿಕೊಳ್ಳಿ, ಬಂದರಿನ ಆಚೆ ದಂಡೆಗೆ ಬಡಿದು ಸದ್ದು ಎರಡು ಸಲ ಬರುತ್ತದೆ.

ಈ ಆಯ್ಕೆಯ ಕೊರತೆಯನ್ನೂ ಹೇಳಿಬಿಡುತ್ತೇನೆ. ಮುಖ್ಯ ಬೀದಿ ಮಟ್ಟಸವಾಗಿದ್ದರೂ ಅಡ್ಡ ಬೀದಿಗಳೆಲ್ಲ ಸಮುದ್ರದ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಮುಚ್ಚಿದ ಮರದ ಬಾಲ್ಕನಿಗಳು ಹಸಿರು, ಕೆಂಪು ಬಣ್ಣದಲ್ಲಿ ಚೆಂದ ಕಾಣುತ್ತವೆಂದು ನೋಡುತ್ತ ಇಳಿದುಬಿಟ್ಟರೆ ಹತ್ತುವಾಗ ದೇವರೇ ಗತಿ. ಜತೆಗೆ ಒಂದೇ ದಿನ ಎರಡು ಮೂರು ದೊಡ್ಡ ಹಡಗು ಬಂದಿದ್ದರೆ ಹತ್ತೂವರೆಯಿಂದ ಎರಡರವರೆಗೆ ರಿಪಬ್ಲಿಕ್ ಬೀದಿ ಜಾತ್ರೆಯೇ. ಭಾನುವಾರ ಕೆಥೀಡ್ರಲ್ ಪ್ರವಾಸಿಗಳಿಗೆ ತೆರೆದಿರುವುದಿಲ್ಲ, ಇದನ್ನು ಮರೆಯಬೇಡಿ.

ಆಯ್ಕೆ ಎರಡು: ನೀರು ದಾಟಿ ಬಿರ್ಗು

ತೋಟದ ಕಟಕಟೆಯಿಂದ ಎದುರಿಗೆ ಕಾಣುವ ಮೂರು ನಾಲಗೆಯಂಥ ದಂಡೆಗಳೇ 'ಮೂರು ಊರು': ಬಿರ್ಗು, ಸೆಂಗ್ಲಿಯಾ, ಬೊರ್ಮ್ಲಾ. ವಲ್ಲೆಟ್ಟಾ ಹುಟ್ಟುವ ಮೊದಲು, 1530ರಲ್ಲಿ ನೈಟ್‌ಗಳು ಬಂದು ನೆಲೆಸಿದ್ದು ಬಿರ್ಗುವಿನಲ್ಲೇ. ಮುತ್ತಿಗೆ ತಡೆದದ್ದೂ ಇಲ್ಲಿಂದಲೇ.

ಲಿಫ್ಟಿನಲ್ಲಿ ಕೆಳಗಿಳಿದು ರಸ್ತೆ ದಾಟಿದರೆ ಫೆರಿ ಇದೆ, ಅದರ ಪಕ್ಕದಲ್ಲೇ ಡೈಸಾ ಎಂಬ ದೋಣಿಗಳೂ ಇವೆ. ಡೈಸಾ ಹತ್ತಿ. ಎರಡೂ ತುದಿ ಮೇಲಕ್ಕೆದ್ದ, ಬಣ್ಣ ಬಳಿದ ಮರದ ದೋಣಿ. ಈಗ ಹಿಂದೆ ಸಣ್ಣ ಮೋಟಾರು. ತಲೆಗೆ ಎರಡು ಯೂರೋ ಕೊಟ್ಟ ನೆನಪು. ನಮ್ಮ ಅಂಬಿಗ ಅಮ್ಮನ ಕೈ ಹಿಡಿದು ಇಳಿಸಿ, ಹಲಗೆಯ ಮೇಲಿನ ಒದ್ದೆಯನ್ನು ತನ್ನ ತೋಳಿನಿಂದ ಒರೆಸಿ ಕೂರಿಸಿದ. ಹತ್ತು ನಿಮಿಷದ ದಾರಿ. ದೋಣಿಯಿಂದ ತಿರುಗಿ ನೋಡಿದಾಗ ನಮ್ಮ ಹಡಗು ಊರಿಗಿಂತ ದೊಡ್ಡದಾಗಿ, ಸ್ವಲ್ಪ ನಾಚಿಕೆಯಾಗುವಷ್ಟು ದೊಡ್ಡದಾಗಿ ಕಂಡಿತು.

ಬಿರ್ಗುವಿನಲ್ಲಿ ಮಾಡಬೇಕಾದದ್ದು ಕಡಿಮೆ. ಸೇಂಟ್ ಏಂಜೆಲೊ ಕೋಟೆ ಇದೆ, ಮತವಿಚಾರಣೆ ನಡೆಸುತ್ತಿದ್ದವರ ಅರಮನೆ ಇದೆ. ಎರಡಕ್ಕೂ ಟಿಕೆಟ್ ಇದೆ, ಒಂದನ್ನು ನೋಡಿದರೆ ಸಾಕು. ನಾವು ಒಂದನ್ನೂ ನೋಡಲಿಲ್ಲ. ಚರ್ಚಿನ ಹಿಂದಿನ ಓಣಿಗಳಲ್ಲಿ ಸುತ್ತಿದೆವು. ಬಾಗಿಲಿಗೊಂದು ಹೂಕುಂಡ, ಗೋಡೆಯ ಗೂಡಿನಲ್ಲಿ ಸಂತನ ಪ್ರತಿಮೆ, ಹಿತ್ತಾಳೆಯ ಬಾಗಿಲ ಹಿಡಿ. ಮೇಲಿನ ಮನೆಯ ಅಜ್ಜಿಯೊಬ್ಬಳು ಹಗ್ಗಕ್ಕೆ ಬುಟ್ಟಿ ಕಟ್ಟಿ ಕೆಳಗೆ ಬಿಟ್ಟಳು. ಬ್ರೆಡ್ಡಿನ ಗಾಡಿಯವ ಎರಡು ಬ್ರೆಡ್ಡು ಹಾಕಿದ. ಬುಟ್ಟಿ ಮೇಲೆ ಹೋಯಿತು. ಅಮ್ಮ ಅದನ್ನು ಕಣ್ಣು ಮಿಟುಕಿಸದೆ ನೋಡಿ, "ನಮ್ಮ ಅಪಾರ್ಟ್‌ಮೆಂಟಲ್ಲಿ ಹೀಗೆ ಮಾಡಿದ್ರೆ ಲಿಫ್ಟ್ ಕೆಟ್ಟಾಗ ಎಷ್ಟು ಸುಖ" ಅಂದಳು. ಆಮೇಲೆ ನೀರಿನ ಬದಿಯಲ್ಲಿ ಒಂದೂವರೆ ಗಂಟೆ ಊಟ. ಗಡಿಯಾರ ನೋಡಿದ್ದು ಒಂದೇ ಸಲ, ಅದೂ ಬೇಕಾಗಿರಲಿಲ್ಲ. ಹಡಗು ಕಣ್ಣೆದುರಿಗೇ ಇತ್ತು.

ಈ ಆಯ್ಕೆಯ ಹೆಚ್ಚುಗಾರಿಕೆ ಇದೇ. ಹಡಗಿನಿಂದ ಬಿರ್ಗುವಿಗೆ ಅರ್ಧ ಗಂಟೆ, ವಾಪಸ್ಸಿಗೂ ಅಷ್ಟೇ. ಮೆಟ್ಟಿಲು ಕಡಿಮೆ, ಜನ ಕಡಿಮೆ. ಗಾಳಿ ಜೋರಾಗಿದ್ದ ದಿನ ಡೈಸಾ ಓಡುವುದಿಲ್ಲ, ಫೆರಿಯೂ ನಿಲ್ಲಬಹುದು. ಮೂರು ಊರಿಗೆ ಬಸ್ಸಿದೆ, ಬಂದರನ್ನು ಸುತ್ತಿಕೊಂಡು ಹೋಗುತ್ತದೆ. ಆದರೆ ದೋಣಿ ಇಲ್ಲದ ಮೇಲೆ ಅರ್ಧ ಮಜಾ ಹೋಯಿತು. ಸೆಂಗ್ಲಿಯಾದ ತುದಿಯಲ್ಲಿ ಕಲ್ಲಿನ ಕಾವಲುಗೂಡಿಗೆ ಕಣ್ಣು, ಕಿವಿ ಕೆತ್ತಿದ್ದಾರೆ. ಕಾಲಿನಲ್ಲಿ ಬಲವಿದ್ದವರು ಅಲ್ಲಿಗೂ ಹೋಗಿಬನ್ನಿ.

ಆಯ್ಕೆ ಮೂರು: ಇಮ್ದಿನಾ ಮತ್ತು ರಬಾತ್

ಐಸ್‌ಕ್ರೀಮ್ ಬಿಟ್ಟು ಓಡಿದ್ದು ಇಲ್ಲಿಂದಲೇ. ಊರಿನ ಮೇಲೆ ಕೋಪವಿಲ್ಲ.

ಇಮ್ದಿನಾ ಮಾಲ್ಟಾದ ಹಳೆಯ ರಾಜಧಾನಿ, ದ್ವೀಪದ ನಡುವಿನ ದಿಬ್ಬದ ಮೇಲೆ. ಹೆಸರು ಅರಬ್ಬಿಯ ಮದೀನಾ, ಅಂದರೆ ಪಟ್ಟಣ. ಪಕ್ಕದ ರಬಾತ್ ಅದರ ಹೊರಪೇಟೆ. ಮಾಲ್ಟೀಸ್ ಭಾಷೆಯೇ ಹಾಗೆ: ಬೇರು ಅರಬ್ಬಿ, ಲಿಪಿ ಲ್ಯಾಟಿನ್, ಥ್ಯಾಂಕ್ಸ್ ಹೇಳಲು ಇಟಾಲಿಯನ್‌ನಿಂದ ಬಂದ 'ಗ್ರಾತ್ಸಿ'. ಕೋಟೆಯೊಳಗೆ ವಾಸವಿರುವವರು 300 ಜನರೂ ಇಲ್ಲ. ಹೊರಗಿನವರ ಕಾರಿಗೆ ಪ್ರವೇಶವಿಲ್ಲ. ಓಣಿಗಳು ಬಾಗಿ ಬಾಗಿ ಹೋಗುವುದರಿಂದ ಮಧ್ಯಾಹ್ನದಲ್ಲೂ ಒಂದು ಬದಿಗೆ ನೆರಳಿರುತ್ತದೆ. ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ. ಕೊತ್ತಲದ ಅಂಚಿಗೆ ಬಂದರೆ ಅರ್ಧ ದ್ವೀಪ ಕಾಣುತ್ತದೆ, ನಡುವೆ ಮೊಸ್ತಾ ಚರ್ಚಿನ ದೊಡ್ಡ ಗುಮ್ಮಟ. 1942ರ ಏಪ್ರಿಲ್ 9ರಂದು ಆ ಗುಮ್ಮಟ ತೂತಾಗಿ ಬಾಂಬೊಂದು ಪ್ರಾರ್ಥನೆಗೆ ಸೇರಿದ್ದವರ ನಡುವೆ ಬಿದ್ದು, ಸಿಡಿಯಲೇ ಇಲ್ಲ.

ಈಗ ಲೆಕ್ಕ. ಬಸ್ ಹೊರಡುವುದು ವಲ್ಲೆಟ್ಟಾದ ಊರಬಾಗಿಲಿನ ಹೊರಗೆ, ಟ್ರೈಟನ್ ಕಾರಂಜಿಯ ಬಳಿಯಿಂದ. 51, 52, 53 ನಂಬರ್ ನೋಡಿ. ಹಡಗಿನಿಂದ ಲಿಫ್ಟ್ ಹತ್ತಿ ಅಲ್ಲಿಗೆ ತಲುಪಲು ಮುಕ್ಕಾಲು ಗಂಟೆ, ಬಸ್ ಕಾಯಲು ಕಾಲು ಗಂಟೆ, ಬಸ್ಸಿನಲ್ಲಿ ಮೂವತ್ತೈದು ನಲವತ್ತು ನಿಮಿಷ. ಹೋಗಿ ಬರಲೆಂದೇ ಮೂರು ಗಂಟೆ ಇಪ್ಪತ್ತು ನಿಮಿಷ ಕರಗಿತು. ವಾಪಸ್ ಬರುವ ಬಸ್ ಮಧ್ಯಾಹ್ನ ತುಂಬಿಕೊಂಡು ಬಂದರೆ ನಿಲ್ಲಿಸದೆ ಹೋಗುತ್ತದೆ. ನಮಗೆ ಒಂದಲ್ಲ, ಎರಡು ಬಸ್ ಹಾಗೆ ಹೋದವು. ಮೂರನೆಯದರ ಚಾಲಕ ಕೇರಳದವನು. ನಾನು ಕಾಸರಗೋಡಿನಲ್ಲಿ ಕಲಿತ ಹರಕು ಮಲಯಾಳದಲ್ಲಿ "ಚೇಟ್ಟಾ, ಕಪ್ಪಲ್ ಪೋಕುಂ" (ಅಣ್ಣಾ, ಹಡಗು ಹೋಗಿಬಿಡುತ್ತೆ) ಎಂದು ಕೂಗಿದೆ. ಬಾಗಿಲು ತೆರೆಯಿತು.

ಬಸ್ ಟಿಕೆಟ್ ನಾವು ಹೋದಾಗ ಎರಡು, ಎರಡೂವರೆ ಯೂರೋ ಇತ್ತು. ಎರಡು ಗಂಟೆಯವರೆಗೆ ನಡೆಯುತ್ತದೆ. ಆದರೆ ನಾಲ್ಕು ಜನರಿದ್ದರೆ ಬಂದರಿನಿಂದಲೇ ನೇರ ಟ್ಯಾಕ್ಸಿ ಮಾಡಿ. ಅರ್ಧ ಗಂಟೆಯೊಳಗೆ ತಲುಪುತ್ತೀರಿ, ಮೂರೂ ಚಿಲ್ಲರೆ ಗಂಟೆಯ ಪ್ರಯಾಣ ಒಂದು ಗಂಟೆಗೆ ಇಳಿಯುತ್ತದೆ. ಇಮ್ದಿನಾಕ್ಕೆ ಹೋಗುವುದಾದರೆ ಹೀಗೇ ಹೋಗಬೇಕು. ಆ ದಿನ ವಲ್ಲೆಟ್ಟಾದ ಆಸೆ ಬಿಟ್ಟುಬಿಡಬೇಕು. ಎರಡನ್ನೂ ನೋಡುತ್ತೇನೆ ಅನ್ನುವವರೇ ಬಸ್ ಸ್ಟಾಪಿನಲ್ಲಿ ಸಿಗುವುದು.

ತಿನ್ನುವ ವಿಷಯದಲ್ಲಿ ಮಾತ್ರ ರಬಾತಿಗೇ ನನ್ನ ಓಟು. ಇಮ್ದಿನಾದ ಬಾಗಿಲಿಗೆ ಹತ್ತಿರ ಕ್ರಿಸ್ಟಲ್ ಪ್ಯಾಲೆಸ್ ಎಂಬ ಗೂಡಿನಂಥ ಅಂಗಡಿ ಇದೆ. ಹೆಸರು ನೋಡಿ ಮೋಸ ಹೋಗಬೇಡಿ, ನಾಲ್ಕು ಮೇಜೂ ಕಷ್ಟ. ಅಲ್ಲಿಯ ಪಾಸ್ಟಿಟ್ಸಿ ನಮ್ಮ ಬೇಕರಿಯ ಪಫ್ಸಿಗೆ ದೊಡ್ಡಣ್ಣ: ಪದರ ಪದರ ಹಿಟ್ಟು, ಒಳಗೆ ರಿಕೊಟ್ಟಾ ಗಿಣ್ಣು ಇಲ್ಲವೇ ಖಾರ ಹಾಕಿದ ಬಟಾಣಿ. ಚಹಾ ಗಾಜಿನ ಲೋಟದಲ್ಲಿ, ಹಾಲು ಹಾಕಿಯೇ ಬರುತ್ತದೆ. ಬೆರಳಿಗೆ ಜಿಡ್ಡು ಹತ್ತುತ್ತದೆ, ಅಂಗಿಯ ಮೇಲೆ ಚೂರು ಉದುರುತ್ತದೆ, ಇನ್ನೊಂದು ಬೇಕೆನಿಸುತ್ತದೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಹಿಟ್ಟಿಗೆ ಯಾವ ಕೊಬ್ಬು ಹಾಕುತ್ತಾರೆಂದು ಒಂದು ಮಾತು ಕೇಳಿ; ಎಲ್ಲರಿಗೂ ಇಂಗ್ಲಿಷ್ ಬರುತ್ತದೆ.

ಮಿಕ್ಕ ಆಯ್ಕೆಗಳು

ಹಡಗಿನವರೇ ಮಾರುವ ಟೂರು: ಎದೆಗೆ ನಂಬರಿನ ಸ್ಟಿಕ್ಕರ್ ಅಂಟಿಸಿಕೊಂಡು, ಕೋಲಿಗೆ ಬೋರ್ಡು ಕಟ್ಟಿದವರ ಹಿಂದೆ ನಡೆಯುವುದು. ದುಬಾರಿ. ಅದರಲ್ಲಿ ಒಂದೇ ಒಂದು ಲಾಭ, ಅದು ದೊಡ್ಡ ಲಾಭವೇ: ಅವರ ಬಸ್ ತಡವಾದರೆ ಹಡಗು ಕಾಯುತ್ತದೆ, ನೀವು ತಡವಾದರೆ ಕಾಯುವುದಿಲ್ಲ. ಗಾಲಿಕುರ್ಚಿಯಲ್ಲಿ ಹಿರಿಯರಿದ್ದರೆ, ಅಥವಾ ಹಡಗು ತಪ್ಪೀತು ಎಂಬ ಚಿಂತೆಯಲ್ಲೇ ಊಟ ಸೇರದವರಾದರೆ ಇದನ್ನೇ ತೆಗೆದುಕೊಳ್ಳಿ.

ಗೋಝೋ ದ್ವೀಪ ಬೇಡ. ಚೆಂದದ ದ್ವೀಪವೇ, ಆದರೆ ಇನ್ನೊಂದು ಸಮುದ್ರ ದಾಟಬೇಕು. ಹಳೆಯ ಫೋಟೋಗಳಲ್ಲಿ ಕಾಣುವ ಕಲ್ಲಿನ ಕಿಟಕಿಯನ್ನು (ಅಜ್ಯೂರ್ ವಿಂಡೋ ಎಂಬ ಬಂಡೆಯ ಕಮಾನು) ನೋಡುವ ಆಸೆಯಿದ್ದರೆ ಅದು 2017ರ ಮಾರ್ಚ್ 8ರಂದು ಸಮುದ್ರಕ್ಕೆ ಬಿದ್ದುಹೋಯಿತು. ನೆಲದಡಿಯ ಹೈಪೊಜಿಯಮ್ ಸಮಾಧಿಗಳಿಗೆ ದಿನಕ್ಕೆ ಕೆಲವೇ ಜನರನ್ನು ಬಿಡುತ್ತಾರೆ. ಊರಿನಲ್ಲಿರುವಾಗಲೇ ಟಿಕೆಟ್ ಸಿಕ್ಕಿದ್ದರೆ ಮಾತ್ರ ಯೋಚಿಸಿ.

ಭಾನುವಾರ ಹಡಗು ನಿಂತರೆ ಮಾರ್ಸಾಷ್ಲೊಕ್ ಎಂಬ ಮೀನುಗಾರರ ಊರಿನ ಸಂತೆಗೆ ಹೋಗಬಹುದು. ನೀಲಿ, ಹಳದಿ, ಕೆಂಪು ಪಟ್ಟಿಯ ಲುಝ್ಝು ದೋಣಿಗಳ ಮೂತಿಗೆ ಎರಡೆರಡು ಕಣ್ಣು ಬರೆದಿರುತ್ತಾರೆ. ಮಲ್ಪೆಯ ದಕ್ಕೆ ನೋಡಿದವರಿಗೆ ಮೀನಿನ ರಾಶಿ ಸಣ್ಣದೆನಿಸೀತು, ದೋಣಿಗಳು ಮಾತ್ರ ಹೌದೆನಿಸುತ್ತವೆ. ಭಾನುವಾರವೂ ನನ್ನ ಮೊದಲ ಆಯ್ಕೆ ಬಿರ್ಗುವೇ.

ನನ್ನ ಜೋಡಣೆ ಹೀಗೆ

ಹಡಗು ಸಂಜೆ ಐದು, ಆರರ ಒಳಗೆ ಹೊರಡುವುದಿದ್ದರೆ: ಬೆಳಿಗ್ಗೆ ಕೆಥೀಡ್ರಲ್, ಕಾಫಿ, ಹನ್ನೆರಡರ ತೋಪು, ಲಿಫ್ಟ್ ಇಳಿದು ಡೈಸಾ, ಬಿರ್ಗುವಿನಲ್ಲಿ ಊಟ. ಒಂದು ಗುಡ್ಡ, ಒಂದು ದೋಣಿ, ಅಷ್ಟೇ. ರಾತ್ರಿ ಒಂಬತ್ತು ಹತ್ತರವರೆಗೂ ನಿಲ್ಲುವುದಿದ್ದರೆ, ಅಥವಾ ವಲ್ಲೆಟ್ಟಾ ಮೊದಲೇ ನೋಡಿದ್ದರೆ, ಇಮ್ದಿನಾ, ಅದೂ ಟ್ಯಾಕ್ಸಿಯಲ್ಲಿ. ಮಕ್ಕಳಿದ್ದರೆ ಕೆಥೀಡ್ರಲ್ ಬಿಟ್ಟು ತೋಪು, ದೋಣಿ ಎರಡನ್ನೇ ಇಟ್ಟುಕೊಳ್ಳಿ. ಜುಲೈ, ಆಗಸ್ಟಿನಲ್ಲಿ ಹನ್ನೆರಡರ ಮೇಲೆ ಯಾವ ಯೋಜನೆಯೂ ಬೇಡ, ನೆರಳಿನಲ್ಲಿ ಕೂರುವುದೊಂದೇ.

ಹೊರಡುವ ಮುಂಚೆ ಊರಬಾಗಿಲ ಬಳಿ ಇಮ್‌ಆರೆಟ್ ಕಟ್ಟಿಸಿಕೊಳ್ಳಿ: ಖರ್ಜೂರ ತುಂಬಿ ಎಣ್ಣೆಯಲ್ಲಿ ಕರಿದದ್ದು, ಸೋಂಪಿನ ವಾಸನೆ. ಕರ್ಜಿಕಾಯಿಯ ದೂರದ ನೆಂಟ ಎಂದು ಅಮ್ಮನೇ ತೀರ್ಪು ಕೊಟ್ಟಳು. ಹಡಗು ಬಿಡುವಾಗ ಡೆಕ್ಕಿನ ಎಡಬದಿಗೆ ನಿಂತರೆ ವಲ್ಲೆಟ್ಟಾ, ಬಲಬದಿಗೆ ಬಿರ್ಗು. ಎಲ್ಲರೂ ಎಡಕ್ಕೇ ನುಗ್ಗುತ್ತಾರೆ. ನಾವು ಜಿಡ್ಡು ಹತ್ತಿದ ಪೊಟ್ಟಣ ಹಿಡಿದು ಬಲಕ್ಕೆ ನಿಂತೆವು. ಊಟ ಮಾಡಿದ ಮೇಜು ಅಲ್ಲಿಂದ ಕಾಣುತ್ತಿತ್ತು, ಯಾರೋ ಅದನ್ನು ಒರೆಸುತ್ತಿದ್ದರು.